ರಾಜಕೀಯ ಹಿಂಸೆಗೆ ನಾಯಕರ ಪ್ರತಿಕ್ರಿಯೆ: ಯಾವುದನ್ನು ಯಾವುದರ ಜೊತೆ ಹೋಲಿಸಬೇಕು?

ಪ್ರಶ್ನೆ:
ರಾಜಕೀಯ ಕೊಲೆ, ಗಲಭೆಗಳಾದಾಗ ನಾಯಕರು ಹೇಗೆ ನಡೆದುಕೊಂಡರು ಅಂತ ಹೋಲಿಸಿ ಬರೆಯಬೇಕಿದೆ. ಸತ್ತವರ ಸಂಖ್ಯೆ ಹಿಡಿದು ಪಟ್ಟಿ ಮಾಡಿದರೆ ಏನೂ ತಿಳಿಯುತ್ತಿಲ್ಲ. ಎಲ್ಲರೂ ‘ಖಂಡಿಸುತ್ತೇನೆ’ ಅಂದವರೇ. ಬೇರೆ ಅಳತೆಗೋಲು ಇದೆಯೇ?

ಉತ್ತರ 1:
ಕೈಮಾಡಿದವರು ಯಾರ ಕಡೆಯವರು ಅನ್ನುವುದನ್ನು ಮೊದಲು ನೋಡಿ. ಎದುರಾಳಿಯ ಹಿಂಸೆಯನ್ನು ಖಂಡಿಸಲು ಏನೂ ಖರ್ಚಿಲ್ಲ. ತನ್ನವರೇ ಮಾಡಿದಾಗ ನಾಯಕ ಏನು ಕಳೆದುಕೊಳ್ಳಲು ತಯಾರಾದ?

1922ರ ಫೆಬ್ರವರಿ 4ರಂದು ಚೌರಿ ಚೌರಾದಲ್ಲಿ ಜನ ಠಾಣೆಗೆ ಬೆಂಕಿ ಹಚ್ಚಿ 20ಕ್ಕೂ ಹೆಚ್ಚು ಪೊಲೀಸರನ್ನು ಕೊಂದರು. ಅದಕ್ಕೂ ಮುಂಚೆ ಪೊಲೀಸರು ಗುಂಡು ಹಾರಿಸಿದ್ದರು. ಅದನ್ನೇ ಮುಂದೆ ಮಾಡಿ ಗಾಂಧೀಜಿ ಕೈತೊಳೆದುಕೊಳ್ಳಬಹುದಿತ್ತು, ತೊಳೆದುಕೊಳ್ಳಲಿಲ್ಲ. ಐದು ದಿನ ಉಪವಾಸ ಕೂತರು, ತಪ್ಪಿತಸ್ಥರು ತಾವಾಗಿಯೇ ಶರಣಾಗಲಿ ಎಂದರು. ಎಂಟೇ ದಿನದಲ್ಲಿ ಬಾರ್ಡೋಲಿಯಲ್ಲಿ ಅಸಹಕಾರ ಚಳವಳಿಯನ್ನೇ ನಿಲ್ಲಿಸುವ ನಿರ್ಣಯವಾಯಿತು. ಜೈಲಿನಲ್ಲಿದ್ದ ನೆಹರೂ, ಲಾಲಾ ಲಜಪತ್ ರಾಯ್ ಇಬ್ಬರಿಗೂ ಇದು ನುಂಗಲಾರದ ತುತ್ತು. ನಿರ್ಧಾರ ಸರಿಯೋ ತಪ್ಪೋ ಎಂದು ವಾದಿಸಬಹುದು. ಬೆಲೆ ತೆತ್ತರು ಅನ್ನುವುದರಲ್ಲಿ ಮಾತ್ರ ಎರಡು ಮಾತಿಲ್ಲ.

ಉತ್ತರ 2:
ಮೇಲಿನದಕ್ಕೆ ಸೇರಿಸುತ್ತೇನೆ. ತನ್ನವರೇ ಬಲಿಯಾದ ಘಟನೆಗಳನ್ನು ಬೇರೆ ಕಾಲಂನಲ್ಲಿ ಇಡಿ. ಅಲ್ಲಿ ನೋಡಬೇಕಾದ್ದು ಜನರ ಸಿಟ್ಟನ್ನು ಯಾವ ಕಡೆ ತಿರುಗಿಸಿದರು ಎಂದು.

1993ರ ಏಪ್ರಿಲ್ 10ರಂದು ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಆಡಳಿತದ ವಿರುದ್ಧ ಮಂಡೇಲಾ ಜೊತೆ ಹೋರಾಡುತ್ತಿದ್ದ ನಾಯಕ ಕ್ರಿಸ್ ಹಾನಿಯನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಮಂಡೇಲಾ ಆಗಿನ್ನೂ ಅಧ್ಯಕ್ಷರಲ್ಲ, ಆದರೂ ಟಿವಿಯಲ್ಲಿ ಜನರನ್ನು ಸಮಾಧಾನಪಡಿಸಲು ಬಂದವರು ಅವರೇ. ಕೊಂದವನು ಬಿಳಿಯ, ಅವನ ಸುಳಿವು ಕೊಟ್ಟವಳೂ ಒಬ್ಬ ಬಿಳಿಯ ಆಫ್ರಿಕಾನರ್ ಹೆಂಗಸು. ಎರಡನ್ನೂ ಬೆನ್ನುಬೆನ್ನಿಗೆ ಹೇಳಿದರು. ಆ ಎರಡನೇ ವಾಕ್ಯವೇ ಇಡೀ ಭಾಷಣದ ತಿರುಳು. ಗಲಭೆ ಪೂರ್ತಿ ನಿಲ್ಲಲಿಲ್ಲ, ಜೀವಗಳೂ ಹೋದವು. ಆದರೆ ಬಿಳಿಯರ ಸರ್ಕಾರದ ಜೊತೆಗಿನ ಮಾತುಕತೆ ಮುರಿಯಲಿಲ್ಲ. 1994ರ ಏಪ್ರಿಲ್ 27 ಎಂದು ಚುನಾವಣೆಯ ದಿನ ಗೊತ್ತಾದದ್ದು ಇದಾದ ಎರಡು ತಿಂಗಳೊಳಗೆ.

ಪಕ್ಕದಲ್ಲಿ 1984ರ ದೆಹಲಿ ಇಡಿ. ಇಂದಿರಾ ಹತ್ಯೆಯ ನಂತರ ಸರ್ಕಾರಿ ಲೆಕ್ಕದಲ್ಲೇ 2,733 ಸಿಖ್ಖರು ಸತ್ತರು. ರಾಜೀವ್ ಹೇಳಿದ್ದು, ದೊಡ್ಡ ಮರ ಉರುಳಿದಾಗ ಭೂಮಿ ಅದುರುತ್ತದೆ ಎಂದು. ಕೊಂದವರ ಕೈ ಆ ಮಾತಿನಲ್ಲಿ ಮಾಯವಾಗಿ, ಎಲ್ಲವೂ ಪ್ರಕೃತಿಯ ಕೆಲಸ ಎಂಬಂತಾಯಿತು. ಪ್ರಧಾನಿಯೊಬ್ಬರು ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2005ರಲ್ಲಿ.

ಪ್ರಶ್ನೆ ಕೇಳಿದವರು:
ಅಂದರೆ ಮೊದಲ ಭಾಷಣವೊಂದನ್ನು ಸರಿಯಾಗಿ ಓದಿದರೆ ಸಾಕೇ?

ಉತ್ತರ 3:
ಸಾಲದು. ಆ ಗಳಿಗೆಯಲ್ಲಿ ಕೈಯಲ್ಲಿ ಯಾವ ಸಾಕ್ಷ್ಯವಿತ್ತು ಅನ್ನುವುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ. 2004ರ ಮಾರ್ಚ್ 11ರಂದು ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬ್ ಸಿಡಿದಾಗ ಸ್ಪೇನ್ ಸರ್ಕಾರ ಪ್ರತ್ಯೇಕ ಬಾಸ್ಕ್ ದೇಶಕ್ಕಾಗಿ ಶಸ್ತ್ರ ಹಿಡಿದಿದ್ದ ಸಂಘಟನೆ ಇಟಿಎ ಕಡೆ ಬೆರಳು ತೋರಿಸಿತು. ಡಿಟೊನೇಟರ್‌ಗಳೂ ಕುರಾನ್ ಪಠಣದ ಕ್ಯಾಸೆಟ್ಟೂ ಇದ್ದ ವ್ಯಾನು ಅದೇ ದಿನ ಸಿಕ್ಕಿತು, ಆದರೂ ಇಟಿಎಯನ್ನು ಬಿಡಲಿಲ್ಲ. ಮೂರನೇ ದಿನದ ಚುನಾವಣೆಯಲ್ಲಿ ಆಡಳಿತ ಪಕ್ಷ ಸೋತಿತು.

ಇನ್ನೊಂದು ಕಾಲಂ, ವರ್ಷದ ನಂತರದ್ದು. 2011ರ ಜುಲೈ 22ರಂದು ನಾರ್ವೆಯಲ್ಲಿ ಬಾಂಬ್ ಮತ್ತು ಗುಂಡಿನ ದಾಳಿಗೆ 77 ಜನ ಸತ್ತಾಗ ಆಗಿನ ಪ್ರಧಾನಿ ಸ್ಟೋಲ್ಟೆನ್‌ಬರ್ಗ್ ಇನ್ನಷ್ಟು ಪ್ರಜಾಪ್ರಭುತ್ವವೇ ನಮ್ಮ ಉತ್ತರ ಎಂದರು, ಲೋಕ ಮೆಚ್ಚಿತು. 2012ರ ಆಗಸ್ಟ್‌ನಲ್ಲಿ ತನಿಖಾ ಆಯೋಗದ ವರದಿ ಬಂತು: ರಾಜಧಾನಿ ಓಸ್ಲೋದ ಸ್ಫೋಟವನ್ನು ತಡೆಯಬಹುದಿತ್ತು. ಸರ್ಕಾರಿ ಕಟ್ಟಡದ ಮುಂದಿನ ರಸ್ತೆ ಮುಚ್ಚಲು ಮೊದಲೇ ತೀರ್ಮಾನವಾಗಿತ್ತು, ಜಾರಿಯಾಗಿರಲಿಲ್ಲ. ಬಾಂಬಿದ್ದ ವ್ಯಾನು ಬಾಗಿಲ ತನಕ ಬಂತು. ಹೊಣೆ ನನ್ನದೆಂದು ಅವರು ಒಪ್ಪಿಕೊಂಡರು. ಭಾಷಣಕ್ಕೂ ಆಡಳಿತಕ್ಕೂ ಒಂದೇ ಅಂಕ ಕೊಟ್ಟರೆ ಈ ಪ್ರಕರಣ ನಿಮ್ಮ ಪಟ್ಟಿಯಲ್ಲಿ ಸುಳ್ಳಾಗುತ್ತದೆ.