ಝಿಂಕ್ ಟೆಲ್ಯುರೈಡ್‌ನಿಂದ ಟೆರಾಹರ್ಟ್ಸ್ ಪಲ್ಸ್ ಸಿಗ್ತಿಲ್ಲ, ಎಲ್ಲಿ ಹುಡುಕೋದು?

ಕುಕ್ಕರಹಳ್ಳಿ_ಕಿರಣ (ಮೈಸೂರು):
ಝಿಂಕ್ ಟೆಲ್ಯುರೈಡ್ ಹರಳಿಗೆ ಲೇಸರ್ ಬಿಟ್ಟು ಟೆರಾಹರ್ಟ್ಸ್ (ಮೈಕ್ರೋವೇವ್‌ಗೂ ಇನ್ಫ್ರಾರೆಡ್‌ಗೂ ನಡುವಿನ ಅಲೆ) ಹುಟ್ಟಿಸಲು ನೋಡ್ತಿದ್ದೇವೆ. ಲೇಸರ್ ತರಂಗಾಂತರ 800 ನ್ಯಾನೊಮೀಟರ್, ಪಲ್ಸ್ 100 ಫೆಮ್ಟೊಸೆಕೆಂಡ್, ಸೆಕೆಂಡಿಗೆ ಸಾವಿರ ಪಲ್ಸ್ (1 ಕಿಲೊಹರ್ಟ್ಸ್). ಟೆರಾಹರ್ಟ್ಸ್ ಹುಟ್ಟಿಸುವ 0.5 ಮಿಲಿಜೂಲ್ ಕಿರಣವನ್ನು (ಪಂಪ್) ಲೆನ್ಸ್‌ನಿಂದ 1 ಮಿ.ಮೀ. ಚುಕ್ಕೆಗೆ ಇಳಿಸಿ, 1 ಮಿ.ಮೀ. ದಪ್ಪದ (110) ಮುಖದ ಹರಳಿಗೆ ಬಿಟ್ಟಿದ್ದೇವೆ. ಪತ್ತೆಗೂ ಅಂಥದೇ ಹರಳು. ಆಮೇಲೆ ಕ್ವಾರ್ಟರ್ ವೇವ್ ಪ್ಲೇಟ್, ಧ್ರುವೀಕರಣದಂತೆ ಕಿರಣವನ್ನು ಎರಡಾಗಿ ಸೀಳುವ ವೊಲಾಸ್ಟನ್ ಪ್ರಿಸಂ, ಜೋಡಿ ಫೋಟೊಡಯೋಡ್, ಲಾಕ್-ಇನ್ (ಒಂದೇ ಲಯದ ಸಿಗ್ನಲ್ಲನ್ನು ಹೆಕ್ಕುವ ಆಂಪ್ಲಿಫೈಯರ್). ಅಳೆಯುವ ಕಿರಣದ (ಪ್ರೋಬ್) ದಾರಿಯ ಉದ್ದ ಬದಲಿಸುವ ಡಿಲೇ ಸ್ಟೇಜ್ ಎಷ್ಟು ಓಡಿಸಿದರೂ ರೀಡಿಂಗ್ ಒಂದೇ. ಮೊದಲ ಹರಳು ಹಸಿರಾಗಿ ಹೊಳೆಯುತ್ತೆ. ಪಂಪ್ ಏರಿಸಲಾ ಸರ್?

ಮಂಡ್ಯ_ಆಪ್ಟಿಕ್ಸ್:
ಏರಿಸಬೇಡಿ ಕಣ್ರೀ, ಆ ಹಸಿರೇ ರೋಗದ ಗುರುತು. ನಿಮ್ಮ ಲೆಕ್ಕದಲ್ಲಿ ತೀವ್ರತೆ ಚದರ ಸೆಂ.ಮೀ.ಗೆ 600 ಗಿಗಾವ್ಯಾಟ್ ದಾಟುತ್ತೆ. ಹರಳಿನ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಬಿಡಿಸಲು ಬೇಕಾದ ಶಕ್ತಿ) 2.26 ಎಲೆಕ್ಟ್ರಾನ್ ವೋಲ್ಟ್. ನಿಮ್ಮ ಲೇಸರ್‌ನ 1.55 ಎಲೆಕ್ಟ್ರಾನ್ ವೋಲ್ಟ್‌ನ ಎರಡು ಫೋಟಾನ್ ಒಟ್ಟಿಗೆ ಹೀರಿಕೆಯಾದರೆ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ, ಹುಟ್ಟಿದ ಟೆರಾಹರ್ಟ್ಸನ್ನು ಅಲ್ಲೇ ನುಂಗುತ್ತವೆ. ಹರಳು ಸುಟ್ಟರೂ ಆಶ್ಚರ್ಯವಿಲ್ಲ. ಲೆನ್ಸ್ ತೆಗೆದು 8 ಮಿ.ಮೀ. ಅಗಲದ ಸಮಾಂತರ ಕಿರಣ ಬಿಡಿ. 10 ಗಿಗಾವ್ಯಾಟ್ ಆಸುಪಾಸಿಗೆ ಇಳಿಯುತ್ತೆ. ಹರಳನ್ನೂ ತಿರುಗಿಸಿ ನೋಡಿ: ಪಂಪ್‌ನ ಧ್ರುವೀಕರಣ ಹರಳಿನ [001] ಅಕ್ಷಕ್ಕೆ ಸುಮಾರು 55 ಡಿಗ್ರಿಯಲ್ಲಿದ್ದರೆ ಗರಿಷ್ಠ, ಅಕ್ಷದ ಗುಂಟವೇ ಇದ್ದರೆ ಸೊನ್ನೆ.

ಬೆಳಕಿನ_ಬೆನ್ನು:
ಡಿಲೇಗೆ ಕದಲದ ರೀಡಿಂಗ್ ಟೆರಾಹರ್ಟ್ಸ್ ಅಲ್ಲ, ಸೋರಿ ಬಂದ ಪಂಪ್. ಪ್ರೋಬ್ ಮುಚ್ಚಿದರೂ ಅದು ಉಳಿದರೆ ಖಾತ್ರಿ. ಪಂಪ್ ತಡೆಯುವ ಫಿಲ್ಟರ್ ಆಗಿ 3 ಮಿ.ಮೀ. ಟೆಫ್ಲಾನ್ ಜೊತೆ ಕಪ್ಪು ಪಾಲಿಥೀನ್ ಹಾಳೆಯೂ ಇರಲಿ. ಬರೀ ಟೆಫ್ಲಾನ್ ಬೆಳಕನ್ನು ಚದುರಿಸುತ್ತೆ ಅಷ್ಟೆ. ಪಂಪನ್ನು ಬಿಟ್ಟು ಬಿಟ್ಟು ತಡೆಯುವ ಚಕ್ರ, ಅಂದರೆ ಚಾಪರನ್ನು ಲೇಸರ್‌ಗೆ ಸಿಂಕ್ ಮಾಡಿ 500 ಹರ್ಟ್ಸ್‌ನಲ್ಲಿ ಓಡಿಸಿ.

ಅಸಲಿ ತಲೆನೋವು ಝೀರೊ ಡಿಲೇ, ಅಂದರೆ ಎರಡೂ ಪಲ್ಸ್ ಒಟ್ಟಿಗೆ ತಲುಪುವ ಸ್ಟೇಜ್‌ನ ಜಾಗ. ಫಿಲ್ಟರ್, ಮೊದಲ ಹರಳು ಎರಡನ್ನೂ ತೆಗೆಯಿರಿ. ಪಂಪನ್ನು ಚೆನ್ನಾಗಿ ತಗ್ಗಿಸಿ, ಗಾಗಲ್ಸ್ ಹಾಕಿಕೊಂಡೇ ಪತ್ತೆ ಹರಳಿನ ಜಾಗದಲ್ಲಿ ತೆಳು ಬಿಬಿಒ ಹರಳು (800 ನ್ಯಾನೊಮೀಟರ್ ಬೆಳಕನ್ನು ನೀಲಿಯಾಗಿಸುವ ಬೇರಿಯಂ ಬೋರೇಟ್) ಇಡಿ. ಕಿರಣಗಳು ಒಂದಕ್ಕೊಂದು ಚೂರು ಓರೆಯಾಗಿದ್ದರೆ, ಪಲ್ಸ್‌ಗಳು ಕೂಡಿದ ಕ್ಷಣ ಎರಡು ನೀಲಿ ಚುಕ್ಕೆಗಳ ನಡುವೆ ಮೂರನೆಯದು ಮೂಡುತ್ತೆ. ಅದೇ ಶೂನ್ಯ. ಕಿರಣಗಳನ್ನು ಮತ್ತೆ ಒಂದೇ ಗೆರೆಗೆ ತಂದು, ತೆಗೆದದ್ದನ್ನೆಲ್ಲ ವಾಪಸ್ ಹಾಕಿದರೆ ಝಿಂಕ್ ಟೆಲ್ಯುರೈಡ್‌ನಿಂದ 2.2, ಟೆಫ್ಲಾನ್‌ನಿಂದ 1.3 ಮಿ.ಮೀ.ಯಷ್ಟು ಪಂಪ್ ದಾರಿ ಉದ್ದವಾಗುತ್ತೆ. ಪ್ರೋಬ್ ಹೋಗಿ ಬರುವುದರಿಂದ ಸ್ಟೇಜ್ 1.75 ಮಿ.ಮೀ. ಸರಿಸಿದರೆ ಸಾಕು. ಅಲ್ಲಿಂದ ಆಚೀಚೆ 1 ಮಿ.ಮೀ., 15 ಮೈಕ್ರಾನ್ ಹೆಜ್ಜೆಯಲ್ಲಿ ಹುಡುಕಿ. ಒಂದು ಹೆಜ್ಜೆ ಅಂದರೆ 0.1 ಪಿಕೊಸೆಕೆಂಡ್.

ಮಂಡ್ಯ_ಆಪ್ಟಿಕ್ಸ್:
ಸಿಗ್ನಲ್ ಸಿಕ್ಕ ಮೇಲೆ ಪಲ್ಸ್ ಹಿಂದೆ ಉದ್ದ ಬಾಲ ಅಲುಗಿದರೆ ಹರಳನ್ನು ಬೈಯಬೇಡಿ, ಮೈಸೂರಿನ ಆಷಾಢದ ಗಾಳಿ ಅದು. ನೀರಾವಿ 0.557, 0.752, 1.097 ಟೆರಾಹರ್ಟ್ಸ್‌ನಲ್ಲಿ ಹೀರುತ್ತೆ. ಅಕ್ರಿಲಿಕ್ ಡಬ್ಬ ಮುಚ್ಚಿ, ತೇವಾಂಶ ಶೇ. 5ಕ್ಕಿಂತ ಕೆಳಗಿಳಿಯೋವರೆಗೂ ಒಣ ನೈಟ್ರೋಜನ್ ಬಿಡಿ. ನೈಟ್ರೋಜನ್ ತುಂಬಿ ಉಸಿರುಗಟ್ಟದಂತೆ ಕೋಣೆಗೆ ಗಾಳಿಯಾಡಲು ದಾರಿ ಇರಲಿ, ಎಸಿ ಅಂತ ಎಲ್ಲ ಮುಚ್ಚಿಕೊಂಡು ಕೂರಬೇಡಿ. 21 ಪಿಕೊಸೆಕೆಂಡ್ ಆದಮೇಲೆ ಬರೋ ಪುಟ್ಟ ಪಲ್ಸ್ ಹರಳಿನೊಳಗಿನ ಪ್ರತಿಫಲನ; ಸ್ಪೆಕ್ಟ್ರಂ ತೆಗೆಯುವಾಗ ಅದಕ್ಕೆ ಮುಂಚೆಯೇ ಡೇಟಾ ಕತ್ತರಿಸಿ.