ಮೀನಿನ ‘ಸ್ವಿಮ್ ಬ್ಲ್ಯಾಡರ್’ಗೆ ಕನ್ನಡದಲ್ಲಿ ಏನಂತೀರಿ? (ತುರ್ತು)

ಬಳ್ಳಾರಿಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮಣ್ಣನ ಅಕ್ವೇರಿಯಂ ಅಂಗಡಿಗೆ ಒಂದು ಕರಪತ್ರ ಮಾಡ್ತಿದ್ದೀನಿ, ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು. ಗೋಲ್ಡ್ ಫಿಶ್ ಹೊಟ್ಟೆ ಮೇಲಾಗಿ ತೇಲಿದ್ರೆ ಸತ್ತೇಹೋಯ್ತು ಅಂತ ಜನ ಚರಂಡಿಗೆ ಸುರೀತಾರೆ. ಕಿವಿರು ಆಡ್ತಿದ್ರೆ ಜೀವ ಇದೆ, ಸುರಿಬೇಡ್ರಿ! ಮಲ ಕಟ್ಟಿ ಸ್ವಿಮ್ ಬ್ಲ್ಯಾಡರ್ (ಒಳಗಡೆ ಗಾಳಿ ತುಂಬಿರೋ ಚೀಲ) ಒತ್ತಿದ್ರೂ ಹಾಗೆ ತೇಲ್ತದೆ. ಎರಡು-ಮೂರು ದಿನ ಉಪವಾಸ ಇಟ್ಟು, ಬೇಯಿಸಿದ ಹಸಿ ಬಟಾಣಿ ಸಿಪ್ಪೆ ಸುಲಿದು ಚೂರು ಹಾಕಿದ್ರೆ ಎಷ್ಟೋ ಮೀನು ಸುಧಾರಿಸ್ಕೊಳ್ತಾವೆ. ‘ಈಜುಚೀಲ’ ಅಂತ ಬರೆದಿದ್ದೀನಿ. ನಡೀತದಾ?

ರಾಯಚೂರಿನಿಂದ:
ನಡೆಯುವುದಿಲ್ಲ. ಇಂಗ್ಲಿಷಿನ ಮಕ್ಕಿಕಾಮಕ್ಕಿ. ಮೀನು ಈಜುವುದು ಬಾಲ, ರೆಕ್ಕೆಗಳಿಂದ. ಆ ಚೀಲ ಇರುವುದು ಬೇಕಾದ ಆಳದಲ್ಲಿ ನಿಲ್ಲುವುದಕ್ಕೆ. ‘ವಾಯುಕೋಶ’ ಎನ್ನಿ.

ಕೊಪ್ಪಳದಿಂದ:
ವಾಯು ಯಾಕ್ರೀ, ಗಾಳಿ ಏನಾತು? ಗೋಲ್ಡ್ ಫಿಶ್ ಮ್ಯಾಲೆ ಬಂದು ನುಂಗಿದ ಗಾಳಿ ಅನ್ನನಾಳದಿಂದ ಸಣ್ಣ ಕೊಳವಿಯೊಳಗ ಆ ಚೀಲಕ್ಕ ಹೋಗತೈತಿ. ನಮ್ಮ ಕಡೆ ಬಾವ್ಯಾಗ ಈಜು ಕಲಿಯೋರು ಬೆನ್ನಿಗೆ ಬೆಂಡು ಕಟ್ಟಿಕೋತಾರ. ಮೀನಿಗೆ ಇದೂ ಅದ ಕೆಲಸ. ‘ಬೆಂಡುಚೀಲ’ ಅಚ್ಚಗನ್ನಡ.

ರಾಯಚೂರಿನಿಂದ:
ಬೆಂಡು ಒಂದೇ ಸಮ ತೇಲಿಸುತ್ತದೆ. ಈ ಚೀಲ ಗಾಳಿ ಏರಿಸಿ ಇಳಿಸುತ್ತದೆ. ಹೊಂದುವುದಿಲ್ಲ. ದಿನಾ ದವಾಖಾನೆ, ದವಾಖಾನೆ ಎನ್ನುವವರಿಗೆ ಸಂಸ್ಕೃತ ಮಾತ್ರ ಹೊರಗಿನದೇ?

ಕೊಪ್ಪಳದಿಂದ:
ದವಾಖಾನಿ ನಿಜಾಮರ ಕಾಲದಿಂದ ನಮ್ಮ ಬಾಯಾಗ ಐತಿ. ನಮ್ಮಜ್ಜಿ ಆಡಿದ್ದು ಕನ್ನಡ. ವಾಯುಕೋಶ ಯಾವ ಅಜ್ಜಿ ಆಡ್ಯಾಳ, ಹೇಳ್ರಿ.

ಸಿಂಧನೂರಿನಿಂದ:
ಜಗಳ ಆಮೇಲೆ ಇರಲಿ. ಕರಪತ್ರದಲ್ಲಿ ಬರೇ ‘ಉಪ್ಪು’ ಅಂತ ಬರೀಬೇಡಿ. ಮಲಬದ್ಧತೆಗೆ ಹಾಕೋದು ಎಪ್ಸಂ ಉಪ್ಪು, ಮೆಗ್ನೀಷಿಯಂ ಸಲ್ಫೇಟ್, ಅಡುಗೆ ಉಪ್ಪಲ್ಲ. ಔಷಧಿಗೆ ‘ಎಣ್ಣಿ’ ಅನ್ನೋದಂತೂ ಬೇಡವೇ ಬೇಡ, ಹತ್ತಿ ಹೊಲದವರಿಗೆ ಎಣ್ಣಿ ಅಂದ್ರೆ ಕೀಟನಾಶಕ. ನಲ್ಲಿ ನೀರು ನೇರ ಸುರಿದ್ರೆ ಕ್ಲೋರಿನ್ ಕಿವಿರು ಸುಡ್ತದೆ, ಅದನ್ನೂ ಸೇರಿಸಿ.

ಬಳ್ಳಾರಿಯಿಂದ:
ಉಪಕಾರ ಆಯ್ತು, ಮೂರೂ ಸೇರಿಸಿದೆ. ‘ಗಾಳಿಚೀಲ’ ಅಂತ ಹಾಕ್ತಿದ್ದೀನಿ, ಎಂಥವರಿಗೂ ಓದಿದ ಕೂಡಲೇ ತಿಳೀತದೆ. ಪಕ್ಕದಲ್ಲಿ ಸ್ವಿಮ್ ಬ್ಲ್ಯಾಡರ್ ಅಂತಲೂ ಇರ್ತದೆ, ಅಂಗಡಿಯಲ್ಲಿ ಔಷಧಿ ಕೇಳೋಕೆ ಆ ಹೆಸರೇ ಬೇಕು. ಮೈ ಊದಿ ಹುರುಪೆ ನಿಮಿರಿ ನಿಂತ್ರೆ ಅದು ಬೇರೆ ರೋಗ, ಬಟಾಣಿಗೆ ಬಗ್ಗೋದಲ್ಲ. ಅದಕ್ಕೆ ‘ಜಲೋದರ’ ಅಂತ ಬರೆದೆ.

ಕೊಪ್ಪಳದಿಂದ:
ಜಲೋದರ ಹೊಟ್ಟಿ ಅಷ್ಟಕ್ಕ. ಮೀನಿಗೆ ಮೈಯೆಲ್ಲಾ ಊದತೈತಿ. ‘ನೀರುಬಾವು’ ಬರೀರಿ.