ಸೊಂಟದ ಎಂ.ಆರ್.ಐ. ವರದಿ: ಚಿತ್ರದಲ್ಲಿ ಕಂಡದ್ದೆಲ್ಲ ನೋವಿಗೆ ಕಾರಣವೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೆ 44 ವರ್ಷ, ಶಿರಸಿಯ ಹತ್ತಿರ ಅಡಿಕೆ ತೋಟವಿದೆ. ಎರಡು ತಿಂಗಳ ಹಿಂದೆ ಅಡಿಕೆ ಕೊನೆ ಹೊರುವಾಗ ಸೊಂಟ ಹಿಡಿದುಕೊಂಡಿತು. ಸೊಂಟದ ನೋವು ವಾರದಲ್ಲಿ ಇಳಿಯಿತಾದರೂ ಎಡ ಪೃಷ್ಠದಿಂದ ತೊಡೆಯ ಹಿಂಭಾಗ, ಮೀನಖಂಡದ ಮೂಲಕ ಪಾದದ ಕಿರುಬೆರಳಿನವರೆಗೆ ಸೆಳೆತ ಉಳಿದಿದೆ. ಎಂ.ಆರ್.ಐ. ವರದಿಯಲ್ಲಿ ಹೀಗಿದೆ: ಬೆನ್ನುಮೂಳೆಯ ಸಹಜ ಬಾಗು ನೇರವಾಗಿದೆ, ಎಲ್3-ಎಲ್4 ಮತ್ತು ಎಲ್4-ಎಲ್5ರಲ್ಲಿ ಡಿಸ್ಕ್ ಬಲ್ಜ್ ಆಗಿ ಥೀಕಲ್ ಸ್ಯಾಕ್ ಒತ್ತಿದೆ, ಎಲ್5-ಎಸ್1ರಲ್ಲಿ ಎಡಭಾಗಕ್ಕೆ ಡಿಸ್ಕ್ ಪ್ರೊಟ್ರೂಷನ್ ಆಗಿ ಎಸ್1 ನರಮೂಲ ಹಿಂದಕ್ಕೆ ಸರಿದಿದೆ, ಎಲ್2 ಮೂಳೆಯಲ್ಲಿ ಹಿಮ್ಯಾಂಜಿಯೋಮಾ ಇದೆ. ನನ್ನ ಮೂರು ಡಿಸ್ಕ್‌ಗಳೂ ಹಾಳಾಗಿವೆಯೇ? ಹಿಮ್ಯಾಂಜಿಯೋಮಾ ಎಂದರೆ ಗೆಡ್ಡೆ ಎಂದು ಯಾರೋ ಹೇಳಿದಂದಿನಿಂದ ಅಮ್ಮನಿಗೆ ನಿದ್ರೆಯಿಲ್ಲ.

ಉತ್ತರ: ನಮಸ್ಕಾರ. ನಾನು ದಿನವೂ ಇಂಥ ಚಿತ್ರಗಳನ್ನು ಓದಿ ವರದಿ ಬರೆಯುವ ರೇಡಿಯಾಲಜಿಸ್ಟ್. ನಿಮ್ಮ ಕಾಲನ್ನು ಪರೀಕ್ಷಿಸಿದವರು ನಿಮ್ಮ ವೈದ್ಯರಾದ್ದರಿಂದ ಚಿಕಿತ್ಸೆಯ ತೀರ್ಮಾನ ಅವರದೇ. ವರದಿಯ ಅರ್ಥವನ್ನು ಮಾತ್ರ ನಾನು ಬಿಡಿಸಿ ಹೇಳುತ್ತೇನೆ. ಎಲ್ ಎಂದರೆ ಸೊಂಟದ ಬೆನ್ನುಮೂಳೆ, ಎಸ್ ಎಂದರೆ ಅದರ ಕೆಳಗಿನ ತ್ರಿಕಾಸ್ಥಿ; ಎರಡು ಮೂಳೆಗಳ ನಡುವಿನ ಮೆತ್ತೆಯೇ ಡಿಸ್ಕ್. ಅದು ಅಗಲವಾಗಿ ಉಬ್ಬಿದರೆ ಬಲ್ಜ್, ಒಂದು ಕಡೆ ಹೊರಚಾಚಿದರೆ ಪ್ರೊಟ್ರೂಷನ್.

ಮೊದಲು ಅಮ್ಮನಿಗೆ ತಿಳಿಸಿ: ಹಿಮ್ಯಾಂಜಿಯೋಮಾ ಎನ್ನುವುದು ಮೂಳೆಯೊಳಗೆ ರಕ್ತನಾಳ ಮತ್ತು ಕೊಬ್ಬು ಸೇರಿ ಆದ ಒಂದು ಮಚ್ಚೆಯಂಥದ್ದು. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಅದು ಆಗಾಗ ಕಣ್ಣಿಗೆ ಬೀಳುತ್ತದೆ; ಬಹುಪಾಲು ಜನರಲ್ಲಿ ಅದರಿಂದ ಯಾವ ತೊಂದರೆಯೂ ಇಲ್ಲ, ಔಷಧವೂ ಬೇಕಿಲ್ಲ.

ಇನ್ನು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬೆನ್ನನ್ನು ಉದ್ದಕ್ಕೆ ಸೀಳಿ ಪಕ್ಕದಿಂದ ನೋಡಿದಂತಿರುವ ಚಿತ್ರಗಳಲ್ಲಿ ಟಿ2 ಎಂದು ಬರೆದಿರುವುದನ್ನು ಆರಿಸಿಕೊಳ್ಳಿ. ಅದರಲ್ಲಿ ನೀರಿನಂಶ ಬೆಳ್ಳಗೆ ಕಾಣುತ್ತದೆ. ಮೂಳೆಗಳ ಹಿಂದೆ ಮೇಲಿನಿಂದ ಕೆಳಗಿಳಿಯುವ ಬಿಳಿಯ ಪಟ್ಟಿಯೇ ಥೀಕಲ್ ಸ್ಯಾಕ್, ಅಂದರೆ ದ್ರವ ತುಂಬಿದ ಚೀಲ. ದೊಡ್ಡವರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಎಲ್1-ಎಲ್2 ಸುಮಾರಿಗೇ ಮುಗಿದುಹೋಗುತ್ತದೆ, ಅಲ್ಲಿಂದ ಕೆಳಗೆ ಆ ದ್ರವದಲ್ಲಿ ಶ್ಯಾವಿಗೆಯ ಎಳೆಗಳಂತೆ ಇಳಿಬಿದ್ದಿರುವುದು ನರಮೂಲಗಳು ಮಾತ್ರ. ಆದ್ದರಿಂದ ಎಲ್4-ಎಲ್5ರಲ್ಲಿ ಚೀಲ ಒತ್ತಿದೆ ಎಂಬುದನ್ನು ಬೆನ್ನುಹುರಿ ಒತ್ತಿದೆ ಎಂದು ತಿಳಿಯಬಾರದು. ಚೀಲದ ಮುಂಬದಿ ಸ್ವಲ್ಪ ತಗ್ಗಾಗಿದ್ದರೂ ಒಳಗಿನ ಎಳೆಗಳಿಗೆ ಸುತ್ತ ದ್ರವವಿದ್ದರೆ ಅವುಗಳಿಗೆ ಜಾಗ ಸಾಕಷ್ಟಿದೆ ಎಂದೇ ಅರ್ಥ.

ಡಿಸ್ಕ್ ಕಪ್ಪಗೆ ಕಂಡರೆ ಅದರ ನೀರಿನಂಶ ಇಳಿದಿದೆ ಎಂದರ್ಥ; ಕೂದಲು ನರೆಯುವಂತೆ ಇದು ವಯಸ್ಸಿನೊಂದಿಗೆ ಬರುತ್ತದೆ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವಿಲ್ಲದ 98 ಜನರ ಎಂ.ಆರ್.ಐ. ಮಾಡಿ ನೋಡಿದಾಗ, 52 ಶೇಕಡಾ ಜನರಲ್ಲಿ ಕನಿಷ್ಠ ಒಂದು ಡಿಸ್ಕ್ ಬಲ್ಜ್ ಆಗಿತ್ತು, 27 ಶೇಕಡಾ ಜನರಲ್ಲಿ ಪ್ರೊಟ್ರೂಷನ್ ಕೂಡ ಇತ್ತು. ಹೀಗಾಗಿ ನಿಮ್ಮ ವರದಿಯಲ್ಲಿರುವ ಎರಡು ಬಲ್ಜ್‌ಗಳನ್ನು ನಾನು ಬದಿಗಿಡುತ್ತೇನೆ. ಬಾಗು ನೇರವಾಗಿದೆ ಎಂಬ ಸಾಲಿಗೂ ಹೆಚ್ಚಿನ ಬೆಲೆ ಕೊಡಬೇಕಿಲ್ಲ. ನೋವಿಗೆ ಸ್ನಾಯು ಬಿಗಿದುಕೊಂಡರೂ, ಸ್ಕ್ಯಾನ್‌ಗೆ ಮಂಡಿಯ ಕೆಳಗೆ ದಿಂಬಿಟ್ಟು ಮಲಗಿಸಿದರೂ ಬಾಗು ನೇರವಾಗುತ್ತದೆ.

ಉಳಿದದ್ದು ಎಲ್5-ಎಸ್1. ಇಲ್ಲಿ ಅಡ್ಡಕ್ಕೆ ಕೊಯ್ದ ಚಿತ್ರಗಳನ್ನು ನೋಡಬೇಕು. ಅವುಗಳಲ್ಲಿ ನಿಮ್ಮ ಎಡಭಾಗವು ಚಿತ್ರದ ಬಲಕ್ಕಿರುತ್ತದೆ. ಮನೆಯಲ್ಲಿ ಫಿಲ್ಮ್ ನೋಡುವ ಬಹಳ ಜನ ಇಲ್ಲಿಯೇ ಎಡವುತ್ತಾರೆ. ಎರಡೂ ಕಡೆ ಎಸ್1 ನರಮೂಲವು ಬಿಳಿಯ ಕೊಬ್ಬಿನ ನಡುವೆ ಬೂದುಬಣ್ಣದ ಚುಕ್ಕಿಯಂತೆ ಕಾಣಬೇಕು. ನಿಮ್ಮ ಎಡಗಡೆ ಡಿಸ್ಕಿನ ಉಬ್ಬು ಆ ಕೊಬ್ಬನ್ನು ಮರೆಮಾಡಿ ಚುಕ್ಕಿಯನ್ನು ಹಿಂದಕ್ಕೆ ತಳ್ಳಿರುತ್ತದೆ, ಬಲಗಡೆ ಕೊಬ್ಬು ಹಾಗೆಯೇ ಇರುತ್ತದೆ. ಎಸ್1 ನರದ ಹಾದಿ ಯಾವುದೆಂದರೆ ತೊಡೆಯ ಹಿಂಭಾಗ, ಮೀನಖಂಡ, ಪಾದದ ಹೊರಅಂಚು, ಕಿರುಬೆರಳು. ನೀವು ನೋವು ಹೇಳಿದ ಜಾಗವೂ ಅದೇ. ವರದಿಯ ಎಲ್ಲ ಸಾಲುಗಳಲ್ಲಿ ನಿಮ್ಮ ಕಾಲಿಗೆ ಹೊಂದುವುದು ಇದೊಂದೇ. ನೋವು ಬಲಗಾಲಿಗೆ ಇದ್ದಿದ್ದರೆ, ಇದೇ ಚಿತ್ರ ಇದೇ ಉಬ್ಬನ್ನು ತೋರಿಸಿದ್ದರೂ, ಕಾರಣವನ್ನು ಬೇರೆಡೆ ಹುಡುಕಿ ಎಂದು ನಾನು ಹೇಳುತ್ತಿದ್ದೆ. ಎಡಗಾಲೊಂದರ ಮೇಲೆ ತುದಿಗಾಲಿನಲ್ಲಿ ನಿಲ್ಲಲು ಆಗುತ್ತದೆಯೇ, ಹಿಮ್ಮಡಿಯ ಹಿಂದೆ ಸುತ್ತಿಗೆಯಿಂದ ತಟ್ಟಿದಾಗ ಪಾದ ಮಿಡಿಯುತ್ತದೆಯೇ ಎಂದು ನಿಮ್ಮ ವೈದ್ಯರು ನೋಡುವುದು ಇದೇ ನರದ ಶಕ್ತಿಯನ್ನು ಅಳೆಯಲು.

ಪ್ರಶ್ನೆ: ತುಂಬ ಉಪಕಾರವಾಯಿತು. ತುದಿಗಾಲಿನಲ್ಲಿ ನಿಲ್ಲಲು ಆಗುತ್ತದೆ. ಈ ಉಬ್ಬು ಹಾಗೆಯೇ ಉಳಿಯುತ್ತದೆಯೇ? ಮತ್ತೆ ಸ್ಕ್ಯಾನ್ ಮಾಡಿಸಬೇಕೇ?

ಉತ್ತರ: ಹೊರಚಾಚಿದ ಡಿಸ್ಕ್ ಕಾಲಕ್ರಮದಲ್ಲಿ ಕುಗ್ಗುವುದು ಸಾಮಾನ್ಯ. ವಿಚಿತ್ರವೆನಿಸಿದರೂ, ಸಣ್ಣ ಉಬ್ಬಿಗಿಂತ ಹರಿದು ಹೊರಬಿದ್ದ ದೊಡ್ಡ ತುಣುಕೇ ಹೆಚ್ಚಾಗಿ ಕರಗುತ್ತದೆ. ಹೊರಬಿದ್ದ ತುಣುಕನ್ನು ದೇಹವೇ ಮೆಲ್ಲಗೆ ಹೀರಿಕೊಳ್ಳುತ್ತದೆ. ಶಕ್ತಿ ಉಳಿದಿದ್ದು ನೋವು ಇಳಿಯುತ್ತಿದ್ದರೆ ಚಿತ್ರ ನೋಡುವುದಕ್ಕಾಗಿಯೇ ಹಣ ಸುರಿಯಬೇಡಿ. ಆದರೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಗುದದ್ವಾರ ಮತ್ತು ಜನನಾಂಗದ ಸುತ್ತ ಸ್ಪರ್ಶ ಮಂದವಾದರೆ, ಎರಡೂ ಕಾಲು ಸೋತರೆ, ಬೆಳಗಾಗಲೆಂದು ಕಾಯದೆ ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಿ. ಪಾದ ಎತ್ತಲಾಗದೆ ನೆಲಕ್ಕೆ ಎಳೆಯತೊಡಗಿದರೂ ತಡಮಾಡಬೇಡಿ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ: ನಮ್ಮ ತಾಯಿಗೆ 61 ವರ್ಷ, ಸಕ್ಕರೆ ಕಾಯಿಲೆಯಿದೆ. ವರದಿಯಲ್ಲಿ ಎಲ್4-ಎಲ್5ರಲ್ಲಿ ಮಾಡಿಕ್ ಟೈಪ್ 1 ಬದಲಾವಣೆ ಇದೆ, ಸೋಂಕು ಅಲ್ಲವೆಂದು ಖಚಿತಪಡಿಸಿಕೊಳ್ಳಿ ಎಂದು ಬರೆದಿದ್ದಾರೆ. ಸವೆತ ಇರಬೇಕೆಂದು ಸುಮ್ಮನಿದ್ದೇವೆ.

ಉತ್ತರ: ದಯವಿಟ್ಟು ಸುಮ್ಮನಿರಬೇಡಿ, ಆ ಸಾಲನ್ನು ಬರೆದವರು ಬೇಕೆಂದೇ ಬರೆದಿದ್ದಾರೆ. ಡಿಸ್ಕಿನ ಎರಡೂ ಬದಿಯ ಮೂಳೆಯಲ್ಲಿ ನೀರಿನಂಶ ಹೆಚ್ಚಿದೆ ಎಂಬುದಷ್ಟೇ ಮಾಡಿಕ್ ಟೈಪ್ 1ರ ಅರ್ಥ. ಸವೆತದಿಂದಲೂ ಹೀಗಾಗುತ್ತದೆ, ಸೋಂಕಿನ ಆರಂಭದಲ್ಲೂ ಹೀಗೇ ಕಾಣುತ್ತದೆ. ಸವೆತದಲ್ಲಿ ನಡುವಿನ ಡಿಸ್ಕ್ ಹೆಚ್ಚಾಗಿ ಕಪ್ಪಾಗಿಯೇ ಇರುತ್ತದೆ. ಸೋಂಕಿನಲ್ಲಿ ಡಿಸ್ಕ್ ಬೆಳ್ಳಗಾಗಿ, ಮೂಳೆಯ ಅಂಚು ತಿಂದುಹೋಗಿ, ಪಕ್ಕದ ಸ್ನಾಯುವಿನಲ್ಲಿ ಕೀವು ಸೇರಿರಬಹುದು. ಆದರೆ ಬೆನ್ನುಮೂಳೆಯ ಕ್ಷಯದಲ್ಲಿ ಡಿಸ್ಕ್ ಬಹುಕಾಲ ಕೆಡದೆ ಉಳಿಯುವುದೂ ಉಂಟು, ಆದ್ದರಿಂದ ನಮ್ಮ ನಾಡಿನಲ್ಲಿ ಚಿತ್ರವೊಂದನ್ನೇ ನಂಬಿ ಕೂರಲಾಗದು. ತಾಯಿಗೆ ಮಲಗಿದರೂ ನೋವು ಇಳಿಯುವುದಿಲ್ಲವೇ, ಸಂಜೆಯ ಜ್ವರವಿದೆಯೇ, ತೂಕ ಇಳಿದಿದೆಯೇ, ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದಿತ್ತೇ, ದನ ಅಥವಾ ಕುರಿಗಳ ಹೆರಿಗೆಗೆ ಕೈಹಚ್ಚುತ್ತಾರೆಯೇ ಎಂಬುದನ್ನು ವೈದ್ಯರಿಗೆ ಹೇಳಿ. ಕೊನೆಯ ಪ್ರಶ್ನೆ ದನಕುರಿಗಳಿಂದ ಮನುಷ್ಯರಿಗೆ ಹರಡುವ ಬ್ರುಸೆಲ್ಲಾ ಸೋಂಕಿಗೆ ಸಂಬಂಧಿಸಿದ್ದು. ದೇಹದಲ್ಲಿ ಉರಿಯೂತವಿದೆಯೇ ಎಂದು ತಿಳಿಸುವ ಇ.ಎಸ್.ಆರ್. ಮತ್ತು ಸಿ.ಆರ್.ಪಿ. ರಕ್ತಪರೀಕ್ಷೆ ಈ ವಾರವೇ ಆಗಲಿ. ಅವು ಏರಿದ್ದರೆ ಕಾಂಟ್ರಾಸ್ಟ್ ಎಂಬ ದ್ರವವನ್ನು ರಕ್ತನಾಳಕ್ಕೆ ಹಾಕಿ ಮತ್ತೆ ಸ್ಕ್ಯಾನ್ ಮಾಡಿ, ಅಗತ್ಯವಿದ್ದರೆ ಸೂಜಿಯಿಂದ ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕಾಂಟ್ರಾಸ್ಟ್‌ಗೆ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೊರಗಿರಬಹುದು. ಹಳೆಯ ಎಕ್ಸ್-ರೇ ಅಥವಾ ಸ್ಕ್ಯಾನ್‌ನ ಸಿ.ಡಿ. ಮನೆಯಲ್ಲಿದ್ದರೆ ತಪ್ಪದೆ ಒಯ್ಯಿರಿ; ಎರಡು ವರ್ಷದ ಹಿಂದೆಯೂ ಅಲ್ಲಿ ಇದೇ ಬದಲಾವಣೆ ಇತ್ತೆಂದು ತಿಳಿದರೆ ಸೋಂಕಿನ ಅನುಮಾನ ಬಹಳಮಟ್ಟಿಗೆ ಕಡಿಮೆಯಾಗುತ್ತದೆ.